ಸಲ್ಕಾಟಾ ಆಮೆಮರಿ ನೀರೇ ಕುಡಿಯುತ್ತಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು: ಅರಿಜೋನಾದ ಫೀನಿಕ್ಸ್‌ನಲ್ಲಿ ನಿಮ್ಮ ಮನೆ. ನಾಲ್ಕು ತಿಂಗಳ ಸಲ್ಕಾಟಾ (ಆಫ್ರಿಕಾದ ನೆಲದ ಆಮೆ) ಮರಿ, ತೂಕ 58 ಗ್ರಾಂ. ನೀರು ಕುಡಿದದ್ದನ್ನು ಒಮ್ಮೆಯೂ ಕಂಡಿಲ್ಲ. ಮಾರಿದವರು "ಇದು ಮರುಭೂಮಿಯ ಪ್ರಾಣಿ, ಸೊಪ್ಪಿನಲ್ಲಿರುವ ನೀರೇ ಸಾಕು" ಎಂದಿದ್ದಾರೆ. ಎರಡು ವಾರದಿಂದ ಮಲಮೂತ್ರದ ಜೊತೆ ಬಿಳಿ ಮರಳಿನಂಥದ್ದು ಬೀಳುತ್ತಿದೆ.

ಆ ಬಿಳಿ ವಸ್ತುವಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಉತ್ತರ ಅದರಲ್ಲೇ ಇದೆ. ನೆಲದ ಆಮೆಗಳು ದೇಹದ ಸಾರಜನಕದ ತ್ಯಾಜ್ಯವನ್ನು ಬಹುಪಾಲು ಯೂರಿಕ್ ಆಮ್ಲವಾಗಿ ಹೊರಹಾಕುತ್ತವೆ. ನೀರು ಸಾಕಷ್ಟಿದ್ದರೆ ಅದು ತೆಳು ಮೊಸರಿನಂತೆ, ಹೆಚ್ಚೆಂದರೆ ಟೂತ್‌ಪೇಸ್ಟಿನಷ್ಟು ಮೆದುವಾಗಿ ಬರುತ್ತದೆ. ನೀರು ಕಡಿಮೆಯಾದಾಗ ಆಮೆ ಮೂತ್ರಕೋಶದಲ್ಲಿರುವ ನೀರನ್ನೇ ವಾಪಸ್ ಹೀರಿಕೊಳ್ಳುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ಬೆರಳಲ್ಲಿ ಉಜ್ಜಿದರೆ ರವೆಯಂತೆ ತರಿತರಿ ಸಿಕ್ಕಿತೋ, ಮರಿಗೆ ನೀರು ಸಾಲುತ್ತಿಲ್ಲ ಎಂದೇ ಅರ್ಥ. ಹಾಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಮುಟ್ಟಿ ನೋಡಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆಮೆಗಳ ಮೈಮೇಲೂ ಮಲದಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ.

ಇನ್ನು "ಮರುಭೂಮಿಯ ಪ್ರಾಣಿ" ಎಂಬ ಮಾತು. ಈ ಒಂದು ಮಾತಿನಿಂದ ಹಾಳಾದಷ್ಟು ಸಲ್ಕಾಟಾ ಮರಿಗಳು ಬೇರೆ ಯಾವ ತಪ್ಪಿನಿಂದಲೂ ಹಾಳಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಲ್ಕಾಟಾದ ತವರು ಸಹಾರಾದ ದಕ್ಷಿಣ ಅಂಚಿನ ಸಹೇಲ್ ಪ್ರದೇಶ, ಸೆನೆಗಲ್ ಮತ್ತು ಮಾಲಿಯಿಂದ ಇಥಿಯೋಪಿಯಾದವರೆಗೆ. ಒಣನಾಡು ಹೌದು. ಆದರೆ ಅಲ್ಲಿ ಆಮೆ ಬಯಲಲ್ಲಿ ಬಿದ್ದಿರುವುದಿಲ್ಲ, ಉದ್ದನೆಯ ಬಿಲ ತೋಡಿಕೊಂಡು ದಿನದ ಹೆಚ್ಚಿನ ಹೊತ್ತು ಅದರೊಳಗೇ ಇರುತ್ತದೆ. ಬಿಲದ ಗಾಳಿ ಹೊರಗಿನದಕ್ಕಿಂತ ತಂಪು, ತೇವ. ಹುಲ್ಲು ಚಿಗುರುವುದೂ, ಕುಡಿಯಲು ಹೊಂಡ ತುಂಬುವುದೂ ಮಳೆಯ ತಿಂಗಳುಗಳಲ್ಲಿ. ನಿಮ್ಮ ಮನೆಯ ಮರಿಗೆ ಬಿಲವೂ ಇಲ್ಲ, ಮಳೆಯೂ ಇಲ್ಲ. ಇರುವುದು ಏಸಿಯ ಒಣಗಾಳಿ ಮತ್ತು ತಲೆಯ ಮೇಲೊಂದು ಬಿಸಿ ದೀಪ. ಹೊಟ್ಟೆಗೆ ಹೋಗುವ ನೀರಿಗಿಂತ ಉಸಿರಿನಲ್ಲಿ, ಚರ್ಮದಲ್ಲಿ ಆರಿಹೋಗುವ ನೀರೇ ಹೆಚ್ಚು. ಹಾಗಾಗಿ ಕುಡಿಸುವುದೊಂದೇ ಸಾಲದು, ಆರಿಹೋಗುವುದನ್ನೂ ತಡೆಯಬೇಕು. ಎರಡನ್ನೂ ಹೇಳುತ್ತೇನೆ.

ಕುಡಿಸುವ ದಾರಿ ಎಂದರೆ ಬೆಚ್ಚನೆಯ ನೀರಿನಲ್ಲಿ ಕೂರಿಸುವುದು. ಈ ವಯಸ್ಸಿಗೆ ಪ್ರತಿದಿನ, ಬೆಳಿಗ್ಗೆ, 20ರಿಂದ 30 ನಿಮಿಷ. ಒಂದು ವರ್ಷ ತುಂಬುವವರೆಗೆ ದಿನ ತಪ್ಪಿಸಬೇಡಿ, ಆಮೇಲೆ ವಾರಕ್ಕೆ ಎರಡು ಮೂರು ಸಲಕ್ಕೆ ಇಳಿಸಬಹುದು. ನೇರ ಗೋಡೆಯ, ಒಳಗಿನಿಂದ ಹೊರಗೆ ಕಾಣದ ಪ್ಲಾಸ್ಟಿಕ್ ಡಬ್ಬ ಬೇಕು. ಪಾರದರ್ಶಕ ಡಬ್ಬವಾದರೆ ಮರಿ ಗೋಡೆ ಪರಚುತ್ತಲೇ ಇರುತ್ತದೆ, ತಲೆ ತಗ್ಗಿಸಿ ಕುಡಿಯುವುದಿಲ್ಲ. ನೀರಿನ ಮಟ್ಟ ಬೆನ್ನುಚಿಪ್ಪು ಮತ್ತು ಹೊಟ್ಟೆಚಿಪ್ಪು ಪಕ್ಕದಲ್ಲಿ ಕೂಡುವ ಗೆರೆಯವರೆಗೆ, ನಿಮ್ಮ ಮರಿಯ ಗಾತ್ರಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್. ತಲೆ ಸಹಜವಾಗಿ ಎತ್ತಿದಾಗ ಮೂಗು ನೀರಿನಿಂದ ಚೆನ್ನಾಗಿ ಮೇಲಿರಬೇಕು.

ನೀರಿನ ಬಿಸಿ 30ರಿಂದ 34 ಡಿಗ್ರಿ ಸೆಲ್ಸಿಯಸ್. ಕೈಯ ಅಂದಾಜು ಬೇಡ, ಥರ್ಮಾಮೀಟರ್ ಇಟ್ಟು ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಡಬ್ಬದಲ್ಲಿರುವುದು ಅರ್ಧ ಲೀಟರ್ ನೀರು, ಕೋಣೆ 24 ಡಿಗ್ರಿ. ಹತ್ತು ನಿಮಿಷದಲ್ಲಿ ನೀರು ತಣ್ಣಗಾಗಿ, ಮರಿಯೂ ತಣ್ಣಗಾಗಿ ಕಣ್ಣು ಮುಚ್ಚಿ ಕೂರುತ್ತದೆ. ನೋಡಿದವರಿಗೆ ಆರಾಮಾಗಿ ಮಲಗಿದಂತೆ ಕಾಣುತ್ತದೆ, ನಿಜದಲ್ಲಿ ಅದು ಮಂದವಾಗಿದೆ, ಕುಡಿಯುತ್ತಿಲ್ಲ. ಈ ಡಬ್ಬವನ್ನು 36 ಡಿಗ್ರಿಯ ನೀರಿರುವ ದೊಡ್ಡ ಬೇಸಿನ್‌ನೊಳಗೆ ಇಟ್ಟರೆ ಅರ್ಧ ಗಂಟೆ ಬಿಸಿ ನಿಲ್ಲುತ್ತದೆ.

ಆಮೆ ನಾಯಿ ಬೆಕ್ಕಿನಂತೆ ನಾಲಿಗೆಯಿಂದ ನೆಕ್ಕುವುದಿಲ್ಲ. ತಲೆ ತಗ್ಗಿಸಿ, ಮೂತಿಯನ್ನು ನೀರಿಗೆ ಮುಳುಗಿಸಿ ನಿಂತುಬಿಡುತ್ತದೆ. ಆಗ ಗಂಟಲಿನ ಕೆಳಗಿನ ಚರ್ಮ ಮೆಲ್ಲಗೆ ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡುತ್ತದೆ. ನೀವು "ಕುಡಿದದ್ದನ್ನು ನೋಡಿಲ್ಲ" ಎಂದಿರಿ; ಇದನ್ನು ಗಮನಿಸಿ, ಮೊದಲ ವಾರದಲ್ಲೇ ಕಾಣಬಹುದು. ಬೆಚ್ಚನೆ ನೀರಿನಲ್ಲಿ ಮಲಮೂತ್ರ ಮಾಡುವುದು ಸಹಜ, ಅದು ಒಳ್ಳೆಯದೇ. ಕೂಡಲೇ ನೀರು ಬದಲಿಸಿ ಇನ್ನೈದು ನಿಮಿಷ ಕೂರಿಸಿ. ಹೊಟ್ಟೆ ಖಾಲಿ ಮಾಡಿದ ಮೇಲೆ ಮತ್ತೆ ಕುಡಿಯುವ ಮರಿಗಳು ಬಹಳ. ಡಬ್ಬ ಬಿಟ್ಟು ಹೋಗಬೇಡಿ. ಅಂಗಾತ ಬಿದ್ದ ಮರಿ ಒಂದೂವರೆ ಸೆಂಟಿಮೀಟರ್ ನೀರಿನಲ್ಲೂ ಮುಳುಗಿ ಸಾಯಬಲ್ಲದು. ಮುಗಿದ ಮೇಲೆ ಮೈ ಒರೆಸಿ ನೇರವಾಗಿ ದೀಪದ ಕೆಳಗೆ ಬಿಡಿ. ರಾತ್ರಿ ಹೊತ್ತು ಕೂರಿಸಬೇಡಿ ಎನ್ನುವುದು ಇದಕ್ಕೇ, ಒದ್ದೆ ಮೈಯಲ್ಲಿ ತಣ್ಣಗೆ ಮಲಗಬಾರದು. ಡಬ್ಬ ಆಮೆಗೇ ಮೀಸಲು, ತೊಳೆಯುವುದು ಅಡುಗೆಮನೆಯ ಸಿಂಕಿನಲ್ಲಿ ಅಲ್ಲ.

ಇದರ ಜೊತೆಗೆ ಗೂಡಿನಲ್ಲಿ ಸದಾ ಕುಡಿಯುವ ನೀರಿರಲಿ. ಹೂಕುಂಡದ ಕೆಳಗಿಡುವ ಕೆಂಪು ಮಣ್ಣಿನ ತಟ್ಟೆಯಷ್ಟು ಒಳ್ಳೆಯದು ಬೇರೆ ಇಲ್ಲ. ಮೆರುಗು ಹಚ್ಚದ ಮಣ್ಣಾದ್ದರಿಂದ ಕಾಲು ಜಾರುವುದಿಲ್ಲ. ಆಮೆಯ ಎರಡರಷ್ಟು ಅಗಲ, ಅಂಚು ನೆಲಕ್ಕೆ ಸಮವಾಗುವಂತೆ ಹೂತಿಡಿ. ಅಂಗಡಿಯಲ್ಲಿ ಇಳಿಜಾರಿನ ಅಂಚಿನ ನಯವಾದ ಬಟ್ಟಲುಗಳು ಸಿಗುತ್ತವೆ, ಮರಿ ಅದರಲ್ಲಿ ಜಾರಿ ಮಗುಚಿಕೊಳ್ಳುವ ಅಪಾಯವಿದೆ. ಇಲಿ ಮೊಲಗಳಿಗೆ ತೂಗುಹಾಕುವ ಬಾಟಲಿಯೂ ಪ್ರಯೋಜನವಿಲ್ಲ. ನೀರು ದಿನವೂ ಬದಲಿಸಿ.

ಫೀನಿಕ್ಸ್‌ನ ನಲ್ಲಿ ನೀರು ಗಡಸು, ತಟ್ಟೆಯ ಸುತ್ತ ಬಿಳಿ ಪದರ ಕಟ್ಟುತ್ತದೆ. ಆಮೆಗೆ ಅದರಿಂದ ತೊಂದರೆಯಿಲ್ಲ, ವಿನಿಗರ್‌ನಲ್ಲಿ ಉಜ್ಜಿ ತೊಳೆದರೆ ಸಾಕು. ಆದರೆ ಗಡಸು ನೀರನ್ನು ಮೆದುಗೊಳಿಸುವ, ಉಪ್ಪು ಹಾಕುವ ವಾಟರ್ ಸಾಫ್ಟನರ್ ಯಂತ್ರ ಮನೆಯಲ್ಲಿದ್ದರೆ, ಅದರಿಂದ ಹಾದುಬಂದ ನೀರಿನಲ್ಲಿ ಸೋಡಿಯಂ ಹೆಚ್ಚಿರುತ್ತದೆ. ಸಾಫ್ಟನರ್‌ಗೆ ಸೇರದ ನಲ್ಲಿಯ ನೀರನ್ನೇ ಬಳಸಿ.

ಈಗ ಎರಡನೆಯ ಅರ್ಧ, ಆರಿಹೋಗುವುದನ್ನು ತಡೆಯುವುದು. ಮೇಲೆ ಮುಚ್ಚಳವಿಲ್ಲದ ಮೇಜಿನಂಥ ಗೂಡು ನಿಮ್ಮದಾಗಿದ್ದರೆ, ಎಷ್ಟು ನೀರು ಸಿಂಪಡಿಸಿದರೂ ಹತ್ತು ನಿಮಿಷದಲ್ಲಿ ಅದು ನಿಮ್ಮ ಹಾಲ್‌ನ ಗಾಳಿಗೆ ಹೋಗಿರುತ್ತದೆ. ಬಿಸಿ ದೀಪ ಮೇಲಕ್ಕೆ ಎಳೆಯುವ ಗಾಳಿ ಚಿಮಣಿಯಂತೆ ತೇವವನ್ನು ಹೊತ್ತೊಯ್ಯುತ್ತದೆ. ದೀಪಗಳೆಲ್ಲ ಒಳಗೇ ಇರುವ, ಮೇಲೆ ಮುಚ್ಚಿದ ಗೂಡು ಬೇಕು. 120 ಸೆಂಟಿಮೀಟರ್ ಉದ್ದ, 60 ಅಗಲ ಇದ್ದರೆ ಮರಿಗೆ ಒಂದು ವರ್ಷ ಸಾಕು. ಒಳಗೆ 8ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅದರ ಮೇಲೆ ಆರ್ಕಿಡ್ ಗಿಡಕ್ಕೆ ಹಾಕುವ ತೊಗಟೆ ಚೂರು. ಮರಳು ಬೇಡ, ತಿಂದರೆ ಕರುಳಲ್ಲಿ ಕಟ್ಟಿಕೊಳ್ಳುತ್ತದೆ. ಸೀಡರ್ ಮರದ ಹೊಟ್ಟೂ ಬೇಡ.

ನೀರನ್ನು ಮೇಲಿಂದ ಚಿಮುಕಿಸುವ ಬದಲು ನಾಲ್ಕು ಮೂಲೆಗಳಲ್ಲಿ ಬೆಚ್ಚನೆ ನೀರು ಸುರಿಯಿರಿ, ತಳಕ್ಕಿಳಿದು ಹರಡುತ್ತದೆ. ತಳದಿಂದ ಒಂದು ಮುಷ್ಟಿ ತೆಗೆದು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೇಲಿನ ಪದರ ಒಣಗಿರಲಿ. ಮೇಲೂ ಕೆಸರಾಗಿದ್ದರೆ ಹೊಟ್ಟೆಚಿಪ್ಪು ಕೊಳೆಯಲು ಶುರುವಾಗುತ್ತದೆ: ಬಣ್ಣಗೆಟ್ಟ ಮೆದು ಕಲೆ, ಕೆಟ್ಟ ವಾಸನೆ. ಗೂಡಿನ ತಣ್ಣನೆ ಬದಿಯಲ್ಲಿ ಅಡಗಿ ಕೂರಲು ಬೋರಲು ಹಾಕಿದ ಡಬ್ಬ, ಒಳಗೆ ನೀರಲ್ಲಿ ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿ (ತೇವ ಹಿಡಿದಿಡುವ ಪಾಚಿ). ಇದೇ ನಿಮ್ಮ ಮರಿಯ ಬಿಲ.

ತೇವಾಂಶ 80 ಪ್ರತಿಶತದ ಆಸುಪಾಸು ಇರಬೇಕು. ಇದನ್ನು ಕೇಳಿದ ತಕ್ಷಣ "ಶೀತವಾಗುವುದಿಲ್ಲವೇ" ಎನ್ನುತ್ತಾರೆ. ತೇವದ ಜೊತೆ ಚಳಿ ಸೇರಿದರೆ ಖಂಡಿತ ಆಗುತ್ತದೆ, ಮೂಗು ಸೋರುತ್ತದೆ, ಉಸಿರಾಟದ ಸೋಂಕು ಬರುತ್ತದೆ. ತೇವದ ಜೊತೆ ಬಿಸಿ ಇದ್ದರೆ ಆಗುವುದಿಲ್ಲ. ರಾತ್ರಿಯೂ ಗೂಡು 27 ಡಿಗ್ರಿಗಿಂತ ಕೆಳಗಿಳಿಯಬಾರದು. ಬೆಳಕು ಕೊಡದ ಸೆರಾಮಿಕ್ ಹೀಟರ್ ಹಾಕಿ ಥರ್ಮೋಸ್ಟ್ಯಾಟಿಗೆ ಸೇರಿಸಿ. ಹಗಲು ದೀಪದ ನೇರ ಕೆಳಗೆ 35ರಿಂದ 38. ಯುವಿಬಿಗೆ (ಬಿಸಿಲಿನಲ್ಲಿರುವ ನೇರಳಾತೀತ ಕಿರಣ) ಉದ್ದನೆಯ ಟ್ಯೂಬ್ ದೀಪ ಒಳ್ಳೆಯದು.

ಚಿಪ್ಪಿನ ಒಂದೊಂದು ಫಲಕವೂ ಗೋಪುರವಾಗಿ ಎದ್ದ ಸಲ್ಕಾಟಾಗಳನ್ನು ನೀವು ನೋಡಿರಬಹುದು. ಅದು ಬಹುಕಾಲ ಹೆಚ್ಚು ಪ್ರೋಟೀನಿನ ಫಲ ಎಂದು ನಂಬಿದ್ದರು. 2003ರಲ್ಲಿ ವಿಯೆನ್ನಾದ ಸಂಶೋಧಕರು ಸಲ್ಕಾಟಾ ಮರಿಗಳನ್ನೇ ಬೇರೆಬೇರೆ ತೇವಾಂಶ, ಬೇರೆಬೇರೆ ಪ್ರೋಟೀನಿನಲ್ಲಿ ಬೆಳೆಸಿ ನೋಡಿದರು. ಒಣಗಾಳಿಯಲ್ಲಿ ಬೆಳೆದವುಗಳ ಗೋಪುರ ಎದ್ದಿತು, ಪ್ರೋಟೀನಿನ ಪಾತ್ರ ತೀರಾ ಸಣ್ಣದು ಎಂದು ಕಂಡಿತು. ಒಮ್ಮೆ ಎದ್ದ ಗೋಪುರ ಇಳಿಯುವುದಿಲ್ಲ. ಮೊದಲ ಎರಡು ವರ್ಷದ ಗಾಳಿಯ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೆ.

ತೇವಾಂಶ ಅಳೆಯಲು ಅಗ್ಗದ ಮುಳ್ಳಿನ ಹೈಗ್ರೋಮೀಟರ್ ನಂಬಬೇಡಿ, ಡಿಜಿಟಲ್ ತೆಗೆದುಕೊಳ್ಳಿ, ಅದನ್ನೂ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಮುದ್ದೆ ಮಾಡಿ, ಹೈಗ್ರೋಮೀಟರ್ ಜೊತೆ ಜಿಪ್ ಚೀಲದಲ್ಲಿಟ್ಟು ಒಂದು ರಾತ್ರಿ ಬಿಡಿ. 75 ತೋರಿಸಬೇಕು. 70 ತೋರಿಸಿದರೆ ಇನ್ನುಮುಂದೆ ಐದು ಸೇರಿಸಿಕೊಂಡು ಓದಿ.

ಆಹಾರದ ಬಗ್ಗೆ ಸ್ವಲ್ಪವೇ. ಹುಲ್ಲು, ಹಿಪ್ಪುನೇರಳೆ ಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ಮುಳ್ಳು ತೆಗೆದ ಪಾಪಸುಕಳ್ಳಿ. ಕಳ್ಳಿ ನಿಮ್ಮೂರಲ್ಲಿ ಹೇರಳ, ಬಹುಪಾಲು ನೀರೇ, ಕ್ಯಾಲ್ಸಿಯಂ ಕೂಡ ಇದೆ. ಸೊಪ್ಪನ್ನು ತೊಳೆದು ನೀರು ಜಾಡಿಸದೆ ಹಾಗೇ ಹಾಕಿ. ನೀರಿನಂಶಕ್ಕೆಂದು ಕಲ್ಲಂಗಡಿ, ಸೌತೆಕಾಯಿ ಕೊಡುವುದು ಬೇಡ. ಸಿಹಿ ಹಣ್ಣು ಈ ಆಮೆಯ ಹೊಟ್ಟೆ ಕೆಡಿಸಿ ಭೇದಿಯಾದರೆ ಇದ್ದ ನೀರೂ ಹೋಗುತ್ತದೆ. ಬೇಳೆ ಕಾಳು, ನಾಯಿಯ ಆಹಾರ ಕೂಡದು. ಪ್ರೋಟೀನ್ ಹೆಚ್ಚಾದಷ್ಟೂ ಯೂರಿಕ್ ಆಮ್ಲ ಹೆಚ್ಚು, ಅದನ್ನು ಹೊರಹಾಕಲು ನೀರೂ ಹೆಚ್ಚು ಬೇಕು.

ಇನ್ನೊಂದು, ಬೇಸಿಗೆಯಲ್ಲಿ ಅಂಗಳದ ಹೋಸ್‌ಪೈಪ್. ಬಿಸಿಲಲ್ಲಿ ಬಿದ್ದಿದ್ದ ಪೈಪಿನಿಂದ ಬರುವ ಮೊದಲ ನೀರು ಮನುಷ್ಯರ ಚರ್ಮವನ್ನೇ ಸುಡುವಷ್ಟು ಬಿಸಿ. ತಣ್ಣಗಾಗುವವರೆಗೆ ಹರಿಯಬಿಟ್ಟು, ಕೈಯಿಟ್ಟು ನೋಡಿ ಆಮೇಲೆ ಆಮೆಯ ತಟ್ಟೆಗೆ. ಮರಿಯನ್ನು ಹೊರಗೆ ಬಿಡುವುದಾದರೆ ಬೆಳಿಗ್ಗೆ ಒಂದು ತಾಸು, ನೆರಳು ಮತ್ತು ನೀರು ಎರಡೂ ಇರುವ ಕಡೆ, ನೀವು ಎದುರಿಗಿದ್ದಾಗ ಮಾತ್ರ.

ಹಾಗೆಯೇ, ನಿಮ್ಮೂರ ಸುತ್ತಲಿನ ಸೊನೋರಾ ಮರುಭೂಮಿಯಲ್ಲಿ ಕಾಡು ಆಮೆ ಕಂಡರೆ ಎತ್ತಬೇಡಿ. ಮರುಭೂಮಿಯ ಆ ಆಮೆಗಳು ಮಳೆಯಲ್ಲಿ ಕುಡಿದ ನೀರನ್ನು ಮೂತ್ರಕೋಶದಲ್ಲಿ ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುತ್ತವೆ. ಎತ್ತಿದಾಗ ಹೆದರಿ ಅದನ್ನೆಲ್ಲ ಚೆಲ್ಲಿಬಿಟ್ಟರೆ ಮುಂದಿನ ಮಳೆಯವರೆಗೆ ಬದುಕುವುದೇ ಕಷ್ಟ. ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ಒಂದು ಮಾತು: ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲುಶಿಕ್ಷೆಯ ಅಪರಾಧ. ಸಿಕ್ಕರೆ ಅರಣ್ಯ ಇಲಾಖೆಗೆ ಒಪ್ಪಿಸಿ.

ನಿಮ್ಮ ಮರಿಯ ವಿಷಯಕ್ಕೆ ಬಂದರೆ, ನಾಳೆ ಬೆಳಿಗ್ಗೆ ನೀರಿಗಿಳಿಸುವ ಮುಂಚೆ ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ವಾರಕ್ಕೊಮ್ಮೆ ಅದೇ ಹೊತ್ತಿಗೆ, ಪ್ರತಿಸಲವೂ ನೀರಿಗಿಳಿಸುವ ಮುಂಚೆಯೇ ತೂಗಬೇಕು, ಕುಡಿದ ಮೇಲೆ ತೂಗಿದರೆ ಲೆಕ್ಕ ತಪ್ಪುತ್ತದೆ. 52 ಗ್ರಾಂಗೆ ಇಳಿಯಿತೆಂದರೆ ಹತ್ತನೇ ಒಂದು ಭಾಗ ಹೋಯಿತು, ಕಾಯಬೇಡಿ. ಕಣ್ಣು ಒಳಗಿಳಿದಿದ್ದರೆ, ಬಾಯಲ್ಲಿ ಜೊಲ್ಲು ಅಂಟಂಟಾಗಿ ಎಳೆ ಬರುತ್ತಿದ್ದರೆ, ತಿನ್ನುವುದು ನಿಲ್ಲಿಸಿದ್ದರೆ ಅದೇ ದಿನ ಸರೀಸೃಪ ನೋಡುವ ವೈದ್ಯರ ಹತ್ತಿರ ಹೋಗಿ. ಎಲ್ಲ ಪಶುವೈದ್ಯರೂ ಆಮೆ ನೋಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಅವರು ಚರ್ಮದಡಿ ದ್ರವ ಕೊಡುತ್ತಾರೆ. ಮನೆಯಲ್ಲಿ ಸಿರಿಂಜಿನಿಂದ ಬಾಯಿಗೆ ನೀರು ಬಿಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನಮಗೆ ನಿಶ್ಶಕ್ತಿಯಾದಾಗ ಕುಡಿಯುವ ಎಳನೀರು, ಓಆರ್‌ಎಸ್ ಇತ್ಯಾದಿಯನ್ನೂ ನೀವಾಗಿಯೇ ಕೊಡಬೇಡಿ.

ಈ ಲಕ್ಷಣಗಳಿಲ್ಲದೆ ಮರಿ ಚುರುಕಾಗಿದ್ದರೆ, ಮೇಲಿನಂತೆ ಮಾಡಿದಾಗ ಒಂದು ವಾರದೊಳಗೆ ಬಿಳಿಯದು ಮೆದುವಾಗಬೇಕು. ಎರಡು ವಾರ ಕಳೆದರೂ ಬೆರಳಿಗೆ ತರಿ ಸಿಗುತ್ತಿದ್ದರೆ, ಅಥವಾ ಮರಿ ಹಿಂಗಾಲು ಒತ್ತಿ ತಿಣುಕುತ್ತಿದ್ದರೆ ಎಕ್ಸ್‌ರೇ ಮಾಡಿಸಿ. ಕಲ್ಲು ಕಟ್ಟಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ.