ಆಕ್ಟಿಂಗ್ ಡ್ರೈವರ್ ಎಂದರೆ ಯಾರು? ನಟನೆಗೂ ಅವರಿಗೂ ಏನು ಸಂಬಂಧ?

ನಟನೆಗೂ ಅವರಿಗೂ ಸಂಬಂಧವಿಲ್ಲ. ನಿಮ್ಮದೇ ಕಾರನ್ನು ಒಂದೆರಡು ದಿನದ ಮಟ್ಟಿಗೆ ಓಡಿಸಿಕೊಡಲು ಸಂಬಳಕ್ಕೆ ಬರುವ ಚಾಲಕರೇ ಆಕ್ಟಿಂಗ್ ಡ್ರೈವರ್. ಇಲ್ಲಿ ಆಕ್ಟಿಂಗ್ ಎಂದರೆ ಹಂಗಾಮಿ. ಕಾಯಂ ನೇಮಕವಾಗುವವರೆಗೆ ಹಂಗಾಮಿ ಮುಖ್ಯ ನ್ಯಾಯಮೂರ್ತಿ ಇರುತ್ತಾರಲ್ಲ, ಹಾಗೆ.

ಟ್ಯಾಕ್ಸಿಯಾದರೆ ಚಾಲಕರ ಜೊತೆ ಹಳದಿ ಬೋರ್ಡಿನ ಕಾರೂ ಬರುತ್ತದೆ, ಬಾಡಿಗೆ ಸಾಮಾನ್ಯವಾಗಿ ಕಿಲೋಮೀಟರ್ ಲೆಕ್ಕ. ಇವರಿಗೆ ದಿನದ ಲೆಕ್ಕ. ಡೀಸೆಲ್ ನಿಮ್ಮದು, ಊಟವೂ ಹೆಚ್ಚಾಗಿ ನಿಮ್ಮದೇ, ರಾತ್ರಿ ತಂಗಿದರೆ ಭತ್ಯೆ ಬೇರೆ.

ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟವರು, ಮಳೆಗಾಲದ ಮಂಜಿನಲ್ಲಿ ಚಾರ್ಮಾಡಿ ಘಾಟಿ ಇಳಿಯಲು ಧೈರ್ಯ ಸಾಲದೆ ಇವರನ್ನು ಕರೆಯುವುದುಂಟು. (ಅದರಲ್ಲಿ ನಾಚಿಕೆಯೇನಿಲ್ಲ.) ಚಾಲನಾ ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ; ಇಲ್ಲದಿದ್ದರೆ ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಬಹುದು.