ಚೆಲ್ಟನ್‌ಹ್ಯಾಮ್‌ಗೆ ಮುಂಚೆ ನೊವೀಸ್ ಕುದುರೆಗೆ ಇನ್ನೊಂದು ರೇಸ್ ಬೇಕಾ, ಮನೆಯಲ್ಲೇ ಸ್ಕೂಲಿಂಗ್ ಸಾಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಎರಡು ಚೇಸ್ (ದೊಡ್ಡ ಫೆನ್ಸ್ ಹಾರುವ ರೇಸ್) ಓಡಿದ ನೊವೀಸ್, ಅಂದರೆ ಚೇಸ್‌ಗೆ ಹೊಸಬ. ಮಾರ್ಚ್‌ನಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ನೊವೀಸ್‌ಗಳ ದೊಡ್ಡ ಚೇಸ್ ಆರ್ಕಲ್, ಕೈಯಲ್ಲಿ ಕೆಲವೇ ವಾರ. ಅಷ್ಟರಲ್ಲಿ ಇನ್ನೊಂದು ರೇಸ್ ಓಡಿಸಬೇಕಾ, ಇಲ್ಲ ಲಾಯದಲ್ಲೇ ಹಾರುವ ಅಭ್ಯಾಸ (ಸ್ಕೂಲಿಂಗ್) ಸಾಕಾ ಅಂತ. ಒಂದು ಫೆಬ್ರುವರಿಯಲ್ಲಿ ನಾನೂ ಇದನ್ನೇ ಸಿಕ್ಕವರನ್ನೆಲ್ಲ ಕೇಳಿಕೊಂಡು ಓಡಾಡಿದ್ದೆ. ಈಗ ಯಾರಾದರೂ ಕೇಳಿದರೆ ವಾಪಸ್ ಒಂದೇ ಪ್ರಶ್ನೆ ಹಾಕುತ್ತೇನೆ: ನಿಮ್ಮ ಕುದುರೆ ಹಾರುವಾಗ ಯಾವ ಕಡೆ ಸರಿಯುತ್ತೆ?

ನಾನು ಬೆಂಗಳೂರಿನಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಕೆಲಸದವನು ಆಗಿದ್ದೆ. ನಮ್ಮಲ್ಲಿ ಬರೀ ಫ್ಲಾಟ್ ರೇಸ್ ಅಲ್ವಾ. ಕುದುರೆ ಗುಡ್ಡ ಹತ್ತಿ ಇಳಿದು ಫೆನ್ಸ್ ಹಾರುವುದನ್ನು ಇಂಗ್ಲೆಂಡಿಗೆ ಬಂದ ಮೇಲೆಯೇ ನೋಡಿದ್ದು. ಇಲ್ಲಿನ ಲಾಯದಲ್ಲಿ ನನ್ನ ಕೈಗೆ ಬಂದವನು ಒಳ್ಳೆ ಹರ್ಡಲ್ ಕುದುರೆ. ಆ ಸೀಸನ್‌ನಲ್ಲಿ ಚೇಸ್‌ಗೆ ಹಾಕಿದರು. ಹರ್ಡಲ್ ಅಂದರೆ 3 ಅಡಿ 6 ಇಂಚು, ಕಾಲು ತಗುಲಿದರೆ ಬಾಗುತ್ತದೆ. ಚೇಸ್ ಫೆನ್ಸ್ ಕಡಿಮೆ ಅಂದರೂ 4 ಅಡಿ 6 ಇಂಚು. ಬರ್ಚ್ ಕಡ್ಡಿಗಳನ್ನು ಒತ್ತಾಗಿ ತುಂಬಿರುತ್ತಾರೆ. ಅಸಡ್ಡೆಯಿಂದ ಹಾರಿದರೆ ಅದು ಬಿಡುವುದಿಲ್ಲ. ನಮ್ಮವನು ಇದನ್ನೆಲ್ಲ ಬೇಗ ಕಲಿತ. ನೆಲದ ಮೇಲಿನ ಕೋಲು, ಸಣ್ಣ ಫೆನ್ಸ್, ಆಮೇಲೆ ದೊಡ್ಡದು. ಹೆದರಿಕೆ ಅನ್ನುವುದೇ ಇರಲಿಲ್ಲ.

ಆದರೆ ಪ್ರತಿ ಸಲ ಹಾರುವಾಗಲೂ ಸ್ವಲ್ಪ ಬಲಕ್ಕೆ ಸರಿಯುತ್ತಿದ್ದ. ಜಾಸ್ತಿ ಏನಲ್ಲ. ಜೊತೆಗೆ, ಜೀನಿನ ಬೆಲ್ಟ್ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಬೆನ್ನು ತಗ್ಗಿಸುತ್ತಿದ್ದ. ಎರಡೂ ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ನೀವೂ ಅದನ್ನೇ ಮಾಡುತ್ತೀರಿ ಅನ್ನುವ ಅನುಮಾನ ನನಗಿದೆ. ನಾನು ಕೆಲಸ ಕಲಿತ ಕಡೆ ಟ್ರೇನರ್ ಕೇಳಿದರೆ ಸೈಸ್ ಮಾತಾಡಬೇಕು, ಇಲ್ಲದಿದ್ದರೆ 'ಸರ್' ಅಂದು ಪಕ್ಕಕ್ಕೆ ನಿಲ್ಲಬೇಕು. ಆ ಅಭ್ಯಾಸ ವಿಮಾನ ಹತ್ತಿ ನನ್ನ ಜೊತೆಗೇ ಬಂದಿತ್ತು. ಇಲ್ಲಿ ಟ್ರೇನರ್ ದಿನಾ ಬೆಳಿಗ್ಗೆ ಬಂದು 'ಹೇಗಿದ್ದಾನೆ?' ಅಂತ ನಿಜವಾಗಿಯೂ ಕೇಳುತ್ತಿದ್ದರು. 'ಚೆನ್ನಾಗಿದ್ದಾನೆ ಸರ್' ಅಂದುಬಿಡುತ್ತಿದ್ದೆ. ಮೇವು ಪೂರ್ತಿ ತಿಂದಿದ್ದಾನೆ, ಕಾಲು ತಣ್ಣಗಿದೆ, ಮತ್ತೇನು ಹೇಳೋದು ಅಂತ. ಸರಿಯುವುದನ್ನು ಕುದುರೆ ಮೇಲೆ ಕೂತು ಓಡಿಸುವವರು ನೋಡಿಯೇ ಇರುತ್ತಾರೆ ಅಂದುಕೊಂಡೆ. ಮೇಲೆ ಕೂತವರು ಬೇರೆ ಬೇರೆ ದಿನ ಬೇರೆ ಬೇರೆಯವರು. ದಿನಾ ಅವನ ಜೊತೆ ಇದ್ದವನು ನಾನೊಬ್ಬನೇ. ಜೀನು ಕಟ್ಟುವಾಗಿನ ಕಿವಿಯನ್ನಂತೂ ಬೇರೆ ಯಾರೂ ನೋಡಿರಲಿಲ್ಲ.

ಮೇಲಿಂದ, ಫೆಬ್ರುವರಿಯಲ್ಲಿ ಕೆಂಪ್ಟನ್‌ನಲ್ಲಿ ಓಡಿ ಸುಲಭವಾಗಿ ಗೆದ್ದ. ನಾನು ಕುಣಿದಾಡಿದೆ. ಕೆಂಪ್ಟನ್ ಸಮತಟ್ಟಾದ ಟ್ರ್ಯಾಕ್, ಬಲಕ್ಕೆ ತಿರುಗುತ್ತದೆ. ಬಲಕ್ಕೆ ಸರಿಯುವ ಕುದುರೆಗೆ ಅಲ್ಲಿ ನಷ್ಟವೇ ಇಲ್ಲ, ರೋಗ ಮುಚ್ಚಿಹೋಯಿತು. ಚೆಲ್ಟನ್‌ಹ್ಯಾಮ್ ಎಡಕ್ಕೆ ತಿರುಗುತ್ತದೆ. ಆರ್ಕಲ್ ಸುಮಾರು 2 ಮೈಲಿ, 13 ಫೆನ್ಸ್, ಶುರುವಿನಿಂದಲೇ ಹುಚ್ಚು ವೇಗ. ಒಂದೊಂದು ಫೆನ್ಸ್‌ಗೂ ನಮ್ಮವನು ಹೊರಗೆ ಸರಿದ, ಒಳಗಿನವರು ಮುಂದೆ ಹೋದರು. ಇಳಿಜಾರು ಬರುವಷ್ಟರಲ್ಲಿ ಅವರನ್ನು ಹಿಡಿಯಲು ಇದ್ದ ದಮ್ಮೆಲ್ಲ ಖರ್ಚಾಗಿತ್ತು. ಕೊನೆಯ ಏರಿನಲ್ಲಿ ಬರೀ ನಡೆದ ಹಾಗಿತ್ತು. ಆಮೇಲೆ ಫಿಸಿಯೋ ಕೈಯಾಡಿಸಿ ನೋಡಿದಾಗ ಬೆನ್ನಿನ ಒಂದು ಕಡೆ ಗಟ್ಟಿಯಾಗಿ ಬಿಗಿದಿತ್ತು. ತಿಂಗಳ ಮೊದಲೇ ಹೇಳಿದ್ದರೆ ಅದಕ್ಕೆ ಚಿಕಿತ್ಸೆ ಆಗಿರುತ್ತಿತ್ತು. ಮುಂದಿನ ಸೀಸನ್‌ಗೆ ಅವನು ನೊವೀಸ್ ಅಲ್ಲ, ಆರ್ಕಲ್ ಬಾಗಿಲು ಮುಚ್ಚಿತು.

ಈಗ ನಿಮ್ಮ ವಿಷಯ. 'ರೇಸಾ, ಸ್ಕೂಲಿಂಗಾ' ಅಂತ ತಲೆ ಕೆಡಿಸಿಕೊಳ್ಳಬೇಡಿ. 2020ರಲ್ಲಿ ಪುಟ್ ದ ಕೆಟಲ್ ಆನ್ ಅನ್ನೋ ಹೆಣ್ಣು ಕುದುರೆ ಹಿಂದಿನ ವರ್ಷದ ನವೆಂಬರ್‌ನಲ್ಲಿ ಚೆಲ್ಟನ್‌ಹ್ಯಾಮ್‌ನಲ್ಲೇ ಗೆದ್ದು, ನಡುವೆ ಒಂದೂ ರೇಸ್ ಓಡದೆ ನೇರ ಬಂದು ಆರ್ಕಲ್ ಹೊಡೆಯಿತು. 2022ರಲ್ಲಿ ಎಡ್ವರ್ಡ್‌ಸ್ಟೋನ್ ಫೆಬ್ರುವರಿಯಲ್ಲಿ ವಾರ್ವಿಕ್‌ನಲ್ಲಿ ಕಿಂಗ್‌ಮೇಕರ್ ಅನ್ನೋ ನೊವೀಸ್ ಚೇಸ್ ಓಡಿ ಗೆದ್ದು, ಆಮೇಲೆ ಬಂದು ಆರ್ಕಲ್ ಗೆದ್ದ. ಒಂದಕ್ಕೆ ರೇಸ್ ಬೇಕಿರಲಿಲ್ಲ, ಇನ್ನೊಂದಕ್ಕೆ ಆಯಿತು. ಆದರೆ ಎರಡೂ ಎಡಕ್ಕೆ ತಿರುಗುವ ಟ್ರ್ಯಾಕ್‌ನಲ್ಲಿ ಹಾರಿ ತೋರಿಸಿ ಬಂದಿದ್ದವು. ವಾರ್ವಿಕ್‌ನಲ್ಲಿ ಹಿಂಬದಿಯ ನೇರ ದಾರಿಯಲ್ಲಿ 5 ಫೆನ್ಸ್ ಒಂದರ ಹಿಂದೆ ಒಂದು ಬರುತ್ತವೆ. ಕುದುರೆ ತಪ್ಪಿದರೆ ಸಾವರಿಸಿಕೊಳ್ಳಲು ಜಾಗ ಸಿಗುವುದಿಲ್ಲ. ಓಡಿಸುವುದಾದರೆ ಅಂಥ ಕಡೆ ಓಡಿಸಲಿ. ಬಲಕ್ಕೆ ತಿರುಗುವ ಟ್ರ್ಯಾಕ್‌ನಲ್ಲಿ ಇನ್ನೊಂದು ಸುಲಭದ ಗೆಲುವು ಸುಮ್ನೆ ದಂಡ.

ನಿರ್ಧಾರ ಟ್ರೇನರ್‌ದು, ಒಪ್ಪುತ್ತೇನೆ. ಆದರೆ ನಾಳೆ ಬೆಳಿಗ್ಗೆ ಅವರು ಕೇಳಿದಾಗ 'ಚೆನ್ನಾಗಿದ್ದಾನೆ' ಅನ್ನಬೇಡಿ. ಎಡಗಾಲು ಮುಂದಿಟ್ಟು ಹಾರಿದಾಗ ಹೇಗಿದ್ದ, ಬಲಗಾಲಿಗೆ ಹೇಗಿದ್ದ, ಜೀನು ಕಟ್ಟುವಾಗ ಏನು ಮಾಡಿದ, ಅದನ್ನು ಹೇಳಿ. ಇಂಗ್ಲಿಷ್ ಸರಿ ಬರಲ್ಲ ಅಂದರೆ ಫೋನ್‌ನಲ್ಲಿ ವಿಡಿಯೋ ಮಾಡಿ ತೋರಿಸಿ, ಫೆನ್ಸ್‌ಗೆ ನೇರವಾಗಿ ಎದುರು ನಿಂತು ತೆಗೆಯಿರಿ. ಪಕ್ಕದಿಂದ ತೆಗೆದರೆ ಸರಿಯುವುದು ಕಾಣುವುದೇ ಇಲ್ಲ.