ಸೈನೈಡ್ ದಿಬ್ಬದ ಪಕ್ಕದ ಹೊಲಕ್ಕೆ ಸೂರ್ಯಕಾಂತಿ ಬಿತ್ತಬಹುದೇ?

ಕೆ.ಜಿ.ಎಫ್. ಸಮೀಪದ ಹಳ್ಳಿಯಿಂದ ಬರೆದಿರುವ ಓದುಗರಿಗೆ ನಮಸ್ಕಾರ. ಬೇಸಿಗೆಯ ಗಾಳಿಗೆ ಸೈನೈಡ್ ದಿಬ್ಬದ (ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಯ) ದೂಳು ಬಂದು ಬೀಳುವ ತಮ್ಮ ಒಂದು ಎಕರೆ ಹೊಲದಲ್ಲಿ, ಅಣುಸ್ಥಾವರ ದುರಂತ ನಡೆದ ಚೆರ್ನೋಬಿಲ್‌ನಲ್ಲಿ ಮಾಡಿದಂತೆ ಸೂರ್ಯಕಾಂತಿ ಬೆಳೆದು, ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿಯನ್ನೂ ಎರಚಿದರೆ ಎರಡು ವರ್ಷದಲ್ಲಿ ಮಣ್ಣು ಶುದ್ಧವಾದೀತೇ ಎಂದು ತಾವು ಕೇಳಿದ್ದೀರಿ. ಆಗದು ಎಂದೇ ಹೇಳಬೇಕಾಗಿದೆ.

ಚೆರ್ನೋಬಿಲ್‌ನ ಕಥೆ ಬಾಯಿಂದ ಬಾಯಿಗೆ ಹೋಗುತ್ತ ಬದಲಾಗಿದೆ. 1990ರ ದಶಕದಲ್ಲಿ ಅಲ್ಲಿ ಹೆಸರಾದ ಸೂರ್ಯಕಾಂತಿ ಪ್ರಯೋಗ ನಡೆದದ್ದು ಹೊಲದಲ್ಲಲ್ಲ, ಕೊಳದಲ್ಲಿ. ತೆಪ್ಪಗಳ ಮೇಲೆ ತೇಲಿಬಿಟ್ಟ ಗಿಡಗಳ ಬೇರುಗಳು ನೀರಿನಲ್ಲಿ ಕರಗಿದ್ದ ವಿಕಿರಣಶೀಲ ಸೀಸಿಯಂ ಮತ್ತು ಸ್ಟ್ರಾನ್ಷಿಯಂಗಳನ್ನು ಹೀರಿಕೊಂಡವು. ಮಣ್ಣಿನಲ್ಲಾದರೆ ಸೀಸಿಯಂ ಜೇಡಿಯ ಪದರಗಳ ನಡುವೆ ಸಿಕ್ಕಿಕೊಂಡು ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ.

ಇನ್ನು ಬ್ಯಾಕ್ಟೀರಿಯಾದ ಮಾತು. ಸೈನೈಡ್ ಎಂಬ ಹೆಸರೇ ಭಯ ಹುಟ್ಟಿಸುವಂತಿದ್ದರೂ ಅದು ಇಂಗಾಲ ಮತ್ತು ಸಾರಜನಕ ಕೂಡಿ ಆದದ್ದು. ಬಿಸಿಲೂ ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳೂ ಅದನ್ನು ಒಡೆಯಬಲ್ಲವು. ಆದರೆ ಇಂಥ ದೂಳಿನಲ್ಲಿ ಇರಬಹುದಾದ ಆರ್ಸೆನಿಕ್, ಸೀಸ, ಕ್ಯಾಡ್ಮಿಯಂಗಳು ಮೂಲಧಾತುಗಳು; ಅವುಗಳ ರೂಪವನ್ನು ಬ್ಯಾಕ್ಟೀರಿಯಾ ಬದಲಿಸಬಹುದೇ ಹೊರತು ಅವುಗಳನ್ನು ಇಲ್ಲವಾಗಿಸಲಾರದು. ಒಡೆಯಬಲ್ಲ ವಿಷವಿದ್ದ ಕಡೆಯಲ್ಲೂ ಪುಡಿಯೇ ಬೇಕೆಂದಿಲ್ಲ. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ಕಚ್ಚಾ ಎಣ್ಣೆ ಅಲಾಸ್ಕಾದ ದಡಕ್ಕೆ ಬಡಿದಾಗ ಅಲ್ಲಿ ಮುಖ್ಯವಾಗಿ ಹಾಕಿದ್ದು ಗೊಬ್ಬರ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ದಡದಲ್ಲಿ ಮೊದಲೇ ಇತ್ತು, ಅದಕ್ಕೆ ಸಾರಜನಕ ಮತ್ತು ರಂಜಕಗಳ ಕೊರತೆಯಿತ್ತು.

ಲೋಹ ಹೀರುವ ಗಿಡಗಳು ಇಲ್ಲವೆಂದಲ್ಲ. ನಮ್ಮ ಹಳೆಯ ಬಾವಿಗಳ ಕಲ್ಲುಸಂದಿಯಲ್ಲಿ ತಾನಾಗಿ ಬೆಳೆಯುವ ಟೆರಿಸ್ ವಿಟ್ಟಾಟಾ ಎಂಬ ಜರಿಗಿಡವು ಆರ್ಸೆನಿಕ್ಕನ್ನು ಎಲೆಗಳಲ್ಲಿ ಕೂಡಿಡುತ್ತದೆಂದು ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಆದರೂ ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ 20 ಸೆಂ.ಮೀ. ಆಳದ ಮೇಲ್ಮಣ್ಣು ಸುಮಾರು 10 ಲಕ್ಷ ಕಿಲೋ ತೂಗುತ್ತದೆ. ಪ್ರತಿ ಕಿಲೋದಲ್ಲಿ 50 ಮಿಲಿಗ್ರಾಂ ಆರ್ಸೆನಿಕ್ ಹೆಚ್ಚುವರಿಯಾಗಿದೆ ಎಂದುಕೊಂಡರೆ ತೆಗೆಯಬೇಕಾದದ್ದು 50 ಕಿಲೋ. ವರ್ಷಕ್ಕೆ ಎರಡು ಟನ್ ಒಣ ಎಲೆ ಬಂದು, ಕಿಲೋಗೆ ಎರಡು ಗ್ರಾಂ ಆರ್ಸೆನಿಕ್ ಅದರಲ್ಲಿದ್ದರೆ ಹೋಗುವುದು ನಾಲ್ಕೇ ಕಿಲೋ. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಬೇಕು, ಅದೂ ಹೊಸ ದೂಳು ಬೀಳದಿದ್ದರೆ. ಮೇಲಾಗಿ ಈ ಜರಿಗೆ ತೇವವೂ ಸುಣ್ಣದ ಅಂಶವೂ ಬೇಕು. ಕೋಲಾರದ ಬಯಲಿನ ಬಿಸಿಲಿಗೆ ಅದು ಒಗ್ಗೀತೆಂಬ ಭರವಸೆ ನನಗಿಲ್ಲ. ಕೊಯ್ದ ಎಲೆಯನ್ನು ದನಕ್ಕೆ ಹಾಕುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಸುಟ್ಟರೆ ಆರ್ಸೆನಿಕ್ ಹೊಗೆಯೊಡನೆ ಹೊರಡುತ್ತದೆ.

ದಿಬ್ಬದ ಮಟ್ಟಿಗೆ ಗಿಡಗಳ ಕೆಲಸ ಬೇರೆ: ವಿಷ ಹೀರುವುದಲ್ಲ, ದೂಳು ಮೇಲೇಳದಂತೆ ಹೊದಿಕೆಯಾಗುವುದು. ಗಣಿ 2001ರಲ್ಲಿ ಮುಚ್ಚಿದರೂ ದಿಬ್ಬಗಳು ಬಯಲಾಗಿಯೇ ಇರುವ ತನಕ ತಮ್ಮ ಹೊಲವನ್ನು ಎಷ್ಟು ತೊಳೆದರೂ ಮುಂದಿನ ಬೇಸಿಗೆಗೆ ಅದೇ ಪಾಡು. ಗಾಳಿ ಬರುವ ಬದುವಿನ ಉದ್ದಕ್ಕೂ ಹೊಂಗೆಯನ್ನು ಒತ್ತಾಗಿ ನೆಡುವುದು ಸೂರ್ಯಕಾಂತಿಗಿಂತ ಉಪಯುಕ್ತವೆಂದು ನನ್ನ ಅಭಿಪ್ರಾಯ.

ಅದಕ್ಕೂ ಮೊದಲು ಮಣ್ಣು ಪರೀಕ್ಷೆಯಾಗಲಿ. ತಮ್ಮ ಬಳಿ ಇದೆಯೆಂದು ಬರೆದಿರುವ ಮಣ್ಣು ಆರೋಗ್ಯ ಚೀಟಿಯಲ್ಲಿರುವ 12 ಅಂಶಗಳಲ್ಲಿ ಆರ್ಸೆನಿಕ್ಕೂ ಇಲ್ಲ, ಸೀಸವೂ ಇಲ್ಲ. ಆದ್ದರಿಂದ ಅದರಲ್ಲಿ ‘ಉತ್ತಮ’ ಎಂದಿರುವುದನ್ನು ಈ ವಿಷಯದಲ್ಲಿ ನೆಚ್ಚಬೇಡಿ. ಭಾರ ಲೋಹಗಳನ್ನು ಅಳೆಯುವ ಪ್ರಯೋಗಾಲಯಕ್ಕೆ ಹೊಲದ ಮಣ್ಣನ್ನೂ ಬಾವಿಯ ನೀರನ್ನೂ ಕೊಟ್ಟು, ಬಂದ ಅಂಕಿಗಳನ್ನು ನಮಗೂ ಬರೆದು ಕಳುಹಿಸಿ.

– ಸಂಪಾದಕ